ಪೆಟ್ರೋಲ್ ಮುಚ್ಚಳದ ಒಳಗಿರುವ ಸಂಖ್ಯೆ

ಟರ್ಬೊ ಕಾರು ಬಂಕಿನಲ್ಲಿ ನಿಂತ ಕೂಡಲೇ ಹುಡುಗ ಕೇಳುತ್ತಾನೆ: "ಪವರ್ ಹಾಕ್ಲಾ ಸಾರ್, ನಾರ್ಮಲ್ಲಾ?" ಇಪ್ಪತ್ತು ಲಕ್ಷ ಕೊಟ್ಟು ಕಾರು ತಂದವರೂ ಆಗ ನೋಡುವುದು ಜೇಬನ್ನೇ. ಟ್ಯಾಂಕಿನ ಮುಚ್ಚಳದ ಒಳಬದಿಯ ಸ್ಟಿಕ್ಕರ್ ನೋಡುವವರು ಅಪರೂಪ. ಎಷ್ಟು ಆರ್‌ಒಎನ್, ಅಂದರೆ ಎಷ್ಟು ಆಕ್ಟೇನ್ ಸಂಖ್ಯೆಯ ಪೆಟ್ರೋಲ್ ಬೇಕು, ಕನಿಷ್ಠ ಎಷ್ಟಿರಬೇಕು ಎಂಬುದನ್ನು ಕಾರು ಕಟ್ಟಿದವರು ಅಲ್ಲಿಯೋ ಕಾರಿನ ಕೈಪಿಡಿಯಲ್ಲೋ ಬರೆದೇ ಇರುತ್ತಾರೆ.

ಆಕ್ಟೇನ್ ಹೆಚ್ಚಿದ್ದರೆ ಪೆಟ್ರೋಲಿಗೆ ಶಕ್ತಿ ಹೆಚ್ಚು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ದುಬಾರಿ ಪೆಟ್ರೋಲಿಗೆ ಕಂಪನಿಗಳು ಇಟ್ಟಿರುವ ಪವರ್, ಸ್ಪೀಡ್ ಎಂಬ ಹೆಸರುಗಳೂ ಅದಕ್ಕೆ ನೀರೆರೆದಿವೆ. ಆದರೆ ಆ ಸಂಖ್ಯೆ ಅಳೆಯುವುದು ನಾಕಿಂಗ್ ಆಗದಂತೆ ತಾಳುವ ಗುಣವನ್ನು. ಸಿಲಿಂಡರಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ, ಬಿಸಿಗೂ ಒತ್ತಡಕ್ಕೂ ಸಿಕ್ಕಿದ ಉಳಿದ ಮಿಶ್ರಣ ತಾನಾಗಿ ಸಿಡಿದರೆ ಅದೇ ನಾಕಿಂಗ್. ಬೇಸಿಗೆಯ ಮಧ್ಯಾಹ್ನ, ತುಂಬಿದ ಕಾರಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ತುಳಿದು ನೋಡಿ, ಬಾನೆಟ್ಟಿನ ಕಡೆಯಿಂದ ಕಟಕಟ ಸದ್ದು ಕೇಳಬಹುದು. ಪಿಸ್ಟನ್ನಿಗೆ ಬೀಳುವ ಪೆಟ್ಟು ಅದು. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಅಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹೊಸ ಕಾರುಗಳಲ್ಲಿ ಸದ್ದು ನಮ್ಮ ಕಿವಿಗೆ ಬೀಳುವ ಮೊದಲೇ ನಾಕ್ ಸೆನ್ಸರ್ ಅದನ್ನು ಹಿಡಿಯುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಕಿಡಿಯನ್ನು ತುಸು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಪಿಕಪ್ ಹೋಗುತ್ತದೆ. 95 ಆಕ್ಟೇನ್ ಕೇಳುವ ಕಾರಿಗೆ 91ರ ಪೆಟ್ರೋಲ್ ಹಾಕುವವರು ಕೈಯಾರೆ ದುಡ್ಡು ಕೊಟ್ಟು ಕೊಂಡ ಶಕ್ತಿಯನ್ನು ತಾವೇ ಕಟ್ಟಿಹಾಕಿದಂತೆ. ಇತ್ತ, 91ಕ್ಕೆಂದೇ ಕಟ್ಟಿದ ಸಾದಾ ಕಾರಿಗೆ ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ 100 ಆಕ್ಟೇನಿನ ಎಕ್ಸ್‌ಪಿ100 ಪೆಟ್ರೋಲ್ ಹಾಕಿಸಿದರೆ ದುಡ್ಡು ದಂಡ.

ಅಮೆರಿಕದಲ್ಲಿರುವ ಅಣ್ಣ "ನಾನೂ 91 ಹಾಕಿಸೋದು" ಎಂದರೆ ಮೋಸಹೋಗಬೇಡಿ. ಅಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ. ಅಲ್ಲಿನ 91 ನಮ್ಮ ಆರ್‌ಒಎನ್ ಲೆಕ್ಕಕ್ಕೆ ಹೆಚ್ಚುಕಡಿಮೆ 95. ಆದರೆ ಆ ದೇಶದಿಂದ ಒಂದನ್ನು ಕಲಿಯಬೇಕು: ಪಂಪಿನ ಮೇಲೇ ಹಳದಿ ಚೀಟಿಯಲ್ಲಿ ಆಕ್ಟೇನ್ ಸಂಖ್ಯೆ ಕಾಣಬೇಕೆಂದು ಅಲ್ಲಿ ಕಾನೂನೇ ಇದೆ. ನಮ್ಮಲ್ಲಿ ಇದು ಈಗ ಇನ್ನೂ ತುರ್ತು. ನಮ್ಮ ಸಾದಾ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆತಿದೆ. ಎಥೆನಾಲ್ ಆಕ್ಟೇನನ್ನು ಏರಿಸುತ್ತದೆ, ಆದರೆ ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಟ್ಯಾಂಕಿಗೆ ಬೀಳುತ್ತಿರುವುದು ಎಷ್ಟು ಆಕ್ಟೇನಿನದು, ಎಷ್ಟು ಎಥೆನಾಲಿನದು ಎಂಬ ಎರಡೂ ಸಂಖ್ಯೆಗಳನ್ನು ಸಾದಾ ಪೆಟ್ರೋಲಿನ ಯಂತ್ರದ ಮೇಲೂ ದರದಷ್ಟೇ ದಪ್ಪಕ್ಷರದಲ್ಲಿ ಬರೆಯಿಸಬೇಕು. ದರ ತೆರುವವರಿಗೆ ಅಷ್ಟು ತಿಳಿಯುವ ಹಕ್ಕಿದೆ.

ಹೆಚ್ಚು ಆಕ್ಟೇನಿಗೆಂದೇ ಇಸಿಯುವಿನ ಲೆಕ್ಕಾಚಾರ ಬದಲಿಸಿ ಎಂಜಿನ್ ರೀಮ್ಯಾಪ್ ಮಾಡಿಸಿದವರಿಗೆ ಒಂದು ಮಾತು. ಈಗ ಮುಚ್ಚಳದ ಸ್ಟಿಕ್ಕರ್ ನಿಮಗೆ ಸಾಲದು, ಟ್ಯೂನರ್ ಹೇಳಿದ ಸಂಖ್ಯೆಯೇ ಲೆಕ್ಕ. ಬೆಂಗಳೂರಿನಲ್ಲಿ ಸಿಗುವ 99 ದೂರದ ಊರಿನ ಬಂಕಿನಲ್ಲಿ ಸಿಗದೇ ಹೋಗಬಹುದು. ಅರ್ಧ ಟ್ಯಾಂಕ್ 99 ಇರುವಾಗಲೇ ಅಷ್ಟೇ 91 ಬೆರೆಸಿದರೆ ಸುಮಾರು 95 ಆಗುತ್ತದೆ. ಮತ್ತೆ ಸರಿಯಾದ ಪೆಟ್ರೋಲ್ ಸಿಗುವವರೆಗೆ ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ.