ಡೊಂಕಿರೋದು ನೆಲ ಅಲ್ಲ, ಕನ್ನಡಿ

ಹೊಸ ಬ್ಯಾಚ್ ಬಂದು ಕ್ಲಬ್ಬುಗಳ ಬಜೆಟ್ ಮಾತು ಶುರುವಾಯ್ತು ಅಂದ್ರೆ ಖಗೋಳ ತಂಡದ ಕಡೆಯಿಂದ ಒಂದು ಬೇಡಿಕೆ ಗ್ಯಾರಂಟಿ: "ಇರೋ ಟೆಲಿಸ್ಕೋಪ್ ಸರಿ ಇಲ್ಲ, ಹೊಸದು ಕೊಡಿಸಿ." ಏನಾಗಿದೆ ಅಂತ ಕೇಳಿದ್ರೆ, ಗುರು ಗ್ರಹದ ಪಟ್ಟೆ ಕಾಣಲ್ಲ, ಮಂಜಿನಲ್ಲಿ ಉರಿಯೋ ಬೀದಿದೀಪದ ಥರ ಕಾಣುತ್ತೆ. ಚಂದ್ರನ ಕುಳಿಗಳ ಅಂಚು ಮಸುಕು. ನಕ್ಷತ್ರಕ್ಕೆ ಬಾಲ ಬಂದಿದೆ. ಟೆರೇಸಿನ ಮೇಲೆ ಅರ್ಧ ಗಂಟೆ ಕ್ಯೂ ನಿಂತು ಐಪೀಸಿಗೆ ಕಣ್ಣಿಟ್ಟ ಫಸ್ಟ್ ಇಯರ್‌ನವರು "ಇಷ್ಟೇನಾ? ಫೋನಲ್ಲೇ ಇದಕ್ಕಿಂತ ಚೆನ್ನಾಗಿ ಕಾಣುತ್ತಲ್ಲ" ಅಂತ ಇಳಿದು ಹೋಗ್ತಾರೆ. ಹಾಗೆ ಇಳಿದು ಹೋದವರು ಮತ್ತೆ ಹತ್ತಿ ಬರೋದು ಕಡಿಮೆ.

ನಾವು ಹೇಳೋದು ಇಷ್ಟೇ: ಹೊಸ ಟೆಲಿಸ್ಕೋಪ್ ಸದ್ಯಕ್ಕೆ ಬೇಡ. ಇರೋದರ ಕನ್ನಡಿಗಳನ್ನ ಒಂದೇ ಸಾಲಿಗೆ ತರೋದು ಕಲಿಯೋಣ. ಇದಕ್ಕೆ ಕೊಲಿಮೇಷನ್ ಅಂತಾರೆ. ಅದು ಬರದೆ ದೊಡ್ಡ ಟೆಲಿಸ್ಕೋಪ್ ಕೊಂಡ್ರೆ ಈಗಿನ ತೊಂದರೆ ಹೋಗಲ್ಲ, ಹೆಚ್ಚಾಗುತ್ತೆ. ಕುಣಿಯೋಕೆ ಬಾರದವರು ನೆಲ ಡೊಂಕು ಅಂದರಂತೆ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ನಿಜವಾಗಿ ಡೊಂಕಿರೋದು ಕನ್ನಡಿ, ಅದನ್ನ ನೇರ ಮಾಡೋ ಸ್ಕ್ರೂ ನಮ್ಮ ಕೈಯಲ್ಲೇ ಇದೆ.

ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗೋದು ನ್ಯೂಟೋನಿಯನ್. 1668ರಲ್ಲಿ ನ್ಯೂಟನ್ ತನ್ನ ಕೈಯಾರೆ ಮಾಡಿದ ಟೆಲಿಸ್ಕೋಪಿನ ವಿನ್ಯಾಸವೇ ಇವತ್ತಿಗೂ ನಡೀತಿದೆ. ಕೊಳವೆಯ ತಳದಲ್ಲಿ ಒಂದು ದೊಡ್ಡ ಕುಳಿಗನ್ನಡಿ, ಅದು ಪ್ರೈಮರಿ. ಬಾಯಿಯ ಹತ್ತಿರ 45 ಡಿಗ್ರಿ ಓರೆಯಾಗಿ ಒಂದು ಸಣ್ಣ ಸಮತಲ ಕನ್ನಡಿ, ಅದು ಸೆಕೆಂಡರಿ. ಬೆಳಕು ತಳಕ್ಕೆ ಹೋಗಿ, ವಾಪಸ್ ಬಂದು, ಪಕ್ಕಕ್ಕೆ ತಿರುಗಿ ಐಪೀಸಿಗೆ ಬರುತ್ತೆ. ಪ್ರೈಮರಿಯ ಆಕಾರ ಪ್ಯಾರಾಬೋಲಾ. ಅಕ್ಷಕ್ಕೆ ಸಮಾನಾಂತರವಾಗಿ ಬಂದ ಕಿರಣಗಳೆಲ್ಲ ಒಂದೇ ಬಿಂದುವಿಗೆ ಸೇರುತ್ತವೆ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಓರೆಯಾಗಿ ಬಂದವು ಹಾಗೆ ಸೇರಲ್ಲ, ಚುಕ್ಕೆಗೆ ಒಂದು ಕಡೆ ಧೂಮಕೇತುವಿನ ಹಾಗೆ ಬಾಲ ಬರುತ್ತೆ. ಇದರ ಹೆಸರು ಕೋಮಾ. ಕನ್ನಡಿ ವಾಲಿದಾಗ ಐಪೀಸಿನ ನಟ್ಟನಡುವೆ ಇರೋ ನಕ್ಷತ್ರ ಕೂಡ ಕನ್ನಡಿಯ ಲೆಕ್ಕದಲ್ಲಿ ಓರೆಯಲ್ಲೇ ಇರುತ್ತೆ.

ಎಷ್ಟು ವಾಲಿದ್ರೆ ತೊಂದರೆ? ಇಲ್ಲಿ ನಂಬರ್ ಬೇಕು. ಕೋಮಾ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಇರೋ ವೃತ್ತದ ವ್ಯಾಸ ಎಫ್-ರೇಷಿಯೋದ ಘನಕ್ಕೆ ಅನುಪಾತದಲ್ಲಿರುತ್ತೆ. ಎಫ್/8 ಆದ್ರೆ ಸುಮಾರು 11 ಮಿ.ಮೀ., ಎಫ್/6 ಆದ್ರೆ 5ಕ್ಕಿಂತ ಸ್ವಲ್ಪ ಕಡಿಮೆ, ಎಫ್/5 ಆದ್ರೆ 3ರ ಒಳಗೆ, ಎಫ್/4 ಆದ್ರೆ ಬರೀ 1.4 ಮಿ.ಮೀ. ಈಗ 8 ಇಂಚಿನ, 1200 ಮಿ.ಮೀ. ಫೋಕಲ್ ಲೆಂತಿನ ಎಫ್/6 ಟೆಲಿಸ್ಕೋಪ್ ತಗೊಳ್ಳಿ. ಪ್ರೈಮರಿಯ ಹಿಂದೆ ಮೂರು ಸ್ಕ್ರೂ ಕೇಂದ್ರದಿಂದ 80 ಮಿ.ಮೀ. ದೂರದಲ್ಲಿ ಇವೆ ಅನ್ನೋಣ. ಒಂದನ್ನ ತಿರುಗಿಸಿದ್ರೆ ಕನ್ನಡಿ ಉಳಿದೆರಡನ್ನ ಸೇರಿಸೋ ಗೆರೆಯ ಸುತ್ತ ವಾಲುತ್ತೆ, ಆ ಗೆರೆಗೆ ದೂರ 120 ಮಿ.ಮೀ. ಎಂ5 ಸ್ಕ್ರೂವಿನ ಪಿಚ್ 0.8, ಅಂದ್ರೆ ಕಾಲು ಸುತ್ತಿಗೆ 0.2 ಮಿ.ಮೀ. 0.2 ಭಾಗಿಸು 120, ಒಂದು ರೇಡಿಯನ್ನಿನ 600ನೇ ಒಂದು ಭಾಗ, ಸುಮಾರು 0.1 ಡಿಗ್ರಿ. ಅದನ್ನ 1200ಕ್ಕೆ ಗುಣಿಸಿದ್ರೆ ಒಳ್ಳೆಯ ವೃತ್ತದ ಕೇಂದ್ರ 2 ಮಿ.ಮೀ. ಸರಿದಿರುತ್ತೆ. ವೃತ್ತದ ತ್ರಿಜ್ಯವೇ ಸುಮಾರು 2.4. ಕಾಲು ಸುತ್ತಿಗೆ ಅಂಚಿಗೆ ಬಂದಾಯ್ತು, ಅರ್ಧ ಸುತ್ತಾದ್ರೆ ಪೂರ್ತಿ ಹೊರಗೆ.

ಈಗ ಬೇಡಿಕೆ ಇಟ್ಟಿರೋ 10 ಇಂಚಿನದನ್ನ ನೋಡಿ. ಕೊಳವೆ ತೀರಾ ಉದ್ದ ಆಗದಿರಲಿ ಅಂತ ಆ ಗಾತ್ರದವನ್ನ ಎಫ್/5ರ ಆಸುಪಾಸಿನಲ್ಲಿ ಮಾಡ್ತಾರೆ. ತ್ರಿಜ್ಯ ಸುಮಾರು 1.4 ಮಿ.ಮೀ.ಗೆ ಇಳೀತು. ಸ್ಕ್ರೂ 100 ಮಿ.ಮೀ. ದೂರದಲ್ಲಿದೆ ಅಂದ್ಕೊಂಡ್ರೂ ಅದೇ ಕಾಲು ಸುತ್ತಿಗೆ ಇದು ಹೊರಗೆ ಬಿದ್ದಿರುತ್ತೆ. ಜೊತೆಗೆ ತೂಕ ಜಾಸ್ತಿ, ಮೆಟ್ಟಿಲು ಹತ್ತಿಸುವಾಗ ಕುಲುಕಾಟ ಜಾಸ್ತಿ. 8 ಇಂಚಿನದನ್ನ ಜೋಡಿಸೋಕೆ ಬಾರದ ತಂಡಕ್ಕೆ 10 ಇಂಚಿನದು ಸಿಕ್ಕಿದ್ರೆ ಮುಂದಿನ ವರ್ಷ "12 ಇಂಚು ಬೇಕು" ಅನ್ನೋ ಮೀಟಿಂಗ್ ಆಗುತ್ತೆ, ಅಷ್ಟೇ.

ಕೆಲವರು ಹವಾಮಾನದ ಮೇಲೆ ಹಾಕ್ತಾರೆ, ಇನ್ನು ಕೆಲವರು ಕ್ಯಾಂಪಸ್ಸಿನ ಫ್ಲಡ್‌ಲೈಟ್ ಮೇಲೆ. ಲೈಟಿನಿಂದ ನೆಬ್ಯುಲಾ, ಗ್ಯಾಲಕ್ಸಿ ಮಂಕಾಗೋದು ನಿಜ. ಆದ್ರೆ ಚಂದ್ರ, ಗುರು, ಶನಿಯ ಚಿತ್ರ ಮಸುಕಾಗೋಕೆ ಅದು ಕಾರಣ ಅಲ್ಲ. ಗಾಳಿಯ ಏರುಪೇರಿನಿಂದ ಚಿತ್ರ ಕೆಡೋದೂ ನಿಜ, ಆದ್ರೆ ಅದು ಕುದಿಯೋ ನೀರಿನ ಹಾಗೆ ಕ್ಷಣಕ್ಷಣಕ್ಕೂ ಬದಲಾಗುತ್ತೆ, ಮಧ್ಯೆ ಮಧ್ಯೆ ಒಂದೆರಡು ಸೆಕೆಂಡ್ ಚೊಕ್ಕವಾಗುತ್ತೆ. ಬಾಲ ಯಾವಾಗಲೂ ಒಂದೇ ಕಡೆಗೆ ಇದ್ದು, ಎಷ್ಟು ಹೊತ್ತು ಕಾದರೂ ಹೋಗದಿದ್ರೆ ಅದು ಕನ್ನಡಿಯದ್ದೇ ತಪ್ಪು. ನೋಡಿದ ತಕ್ಷಣ ಬೇರೆ ಮಾಡಬಹುದು.

ಸರಿಮಾಡೋದು ಹೇಗೆ? ಫೋಕಸರಿನ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ 2 ಮಿ.ಮೀ. ತೂತು ಕೊರೆದರೆ ಮೊದಲ ಉಪಕರಣ ರೆಡಿ. ಹಗಲಲ್ಲೇ ಶುರು ಮಾಡಬಹುದು. ತೂತಿನಿಂದ ನೋಡಿದಾಗ ಸೆಕೆಂಡರಿ ದುಂಡಗೆ, ಫೋಕಸರಿನ ನಡುವಿಗೆ ಕಾಣಬೇಕು. ಆಮೇಲೆ ಸೆಕೆಂಡರಿಯ ಮೂರು ಸ್ಕ್ರೂಗಳನ್ನ ಅಲೆನ್ ಕೀಯಲ್ಲಿ ತಿರುಗಿಸುತ್ತಾ ಅದರೊಳಗೆ ಪ್ರೈಮರಿ ಇಡಿಯಾಗಿ, ಅದನ್ನ ಹಿಡಿದಿರೋ ಮೂರು ಕ್ಲಿಪ್ಪೂ ಸಮನಾಗಿ ಕಾಣೋ ಹಾಗೆ ಮಾಡಬೇಕು. ಕೊನೆಗೆ ಪ್ರೈಮರಿಯ ಹಿಂದಿನ ಸ್ಕ್ರೂ ತಿರುಗಿಸಿ, ಕನ್ನಡಿಯ ನಡುವೆ ಅಂಟಿಸಿರೋ ಸಣ್ಣ ಉಂಗುರದೊಳಗೆ ನಮ್ಮ ತೂತಿನ ಪ್ರತಿಬಿಂಬ ಕೂರಿಸಬೇಕು. ಆ ಉಂಗುರ ಬೆಳಕಿಗೆ ಅಡ್ಡ ಬರಲ್ಲವಾ ಅಂದ್ರೆ, ಇಲ್ಲ. ಅದಿರೋದು ಸೆಕೆಂಡರಿಯ ನೆರಳಲ್ಲಿ. ಇದು ಇಬ್ಬರ ಕೆಲಸ. ಒಬ್ಬರು ಫೋಕಸರ್ ಹತ್ತಿರ ನಿಂತು "ಇನ್ನೊಂಚೂರು, ಸಾಕು ಸಾಕು, ವಾಪಸ್ ಬಾ" ಅನ್ನಬೇಕು, ಇನ್ನೊಬ್ಬರು ಕೆಳಗೆ ಸ್ಕ್ರೂ ಹಿಡಿದಿರಬೇಕು. ಕೈ ಪಳಗಿದ ಮೇಲೆ ಹತ್ತು ನಿಮಿಷ ಸಾಕು.

ರಾತ್ರಿ ಫೈನಲ್ ಚೆಕ್ ನಕ್ಷತ್ರದ ಮೇಲೆ. ಹೆಚ್ಚು ಪವರಿನ ಐಪೀಸ್ ಹಾಕಿ, ನಕ್ಷತ್ರವನ್ನ ನಡುವಿಗೆ ತಂದು, ಫೋಕಸ್ ಸ್ವಲ್ಪ ತಪ್ಪಿಸಿದ್ರೆ ಬಳೆಯೊಳಗೊಂದು ಬಳೆ ಇಟ್ಟ ಹಾಗೆ ಉಂಗುರಗಳು ಕಾಣುತ್ತವೆ. ಎಲ್ಲಕ್ಕೂ ಒಂದೇ ಕೇಂದ್ರ ಇದ್ರೆ ಪಾಸ್. ಒಂದು ಕಡೆ ಒತ್ತಿಕೊಂಡಿದ್ರೆ ಇನ್ನೂ ಕೆಲಸ ಇದೆ. ಹೊರದೇಶದ ವಿಡಿಯೋಗಳಲ್ಲಿ ಇದಕ್ಕೆ ಧ್ರುವ ನಕ್ಷತ್ರ ಹಿಡೀರಿ ಅಂತಾರೆ, ಅದು ಅಲುಗಾಡಲ್ಲ ಅನ್ನೋ ಕಾರಣಕ್ಕೆ. ನಮ್ಮೂರಿಗೆ ಈ ಸಲಹೆ ಹೊಂದಲ್ಲ. ಬೆಂಗಳೂರಿನಿಂದ ಧ್ರುವ ನಕ್ಷತ್ರದ ಎತ್ತರ ಸುಮಾರು 13 ಡಿಗ್ರಿ, ಬೀದರಿನಲ್ಲೂ 18 ಮಾತ್ರ. ಅಷ್ಟು ಕೆಳಗೆ ಧೂಳು, ಬಿಸಿಗಾಳಿಯಲ್ಲಿ ಉಂಗುರ ನಿಲ್ಲಲ್ಲ. ನೆತ್ತಿಯ ಹತ್ತಿರ ಬರೋ ನಕ್ಷತ್ರ ಹಿಡೀರಿ; ಬೇಸಿಗೆಯಲ್ಲಿ ಸ್ವಾತಿ ಒಳ್ಳೆಯದು. ಟೆಲಿಸ್ಕೋಪನ್ನ ಮುಂಚೆಯೇ ಹೊರಗಿಟ್ಟು ಕನ್ನಡಿ ತಣ್ಣಗಾಗೋಕೆ ಬಿಡಿ.

"ಲೇಸರ್ ಕೊಲಿಮೇಟರ್ ತರಿಸಿದ್ರೆ ಆಯ್ತಲ್ಲ" ಅನ್ನೋರಿದ್ದಾರೆ. ತರಿಸಿ, ಬೇಡ ಅನ್ನಲ್ಲ. ಆದ್ರೆ ಲೇಸರ್ ತನ್ನ ಕೊಳವೆಯೊಳಗೇ ಓರೆ ಕೂತಿರಬಹುದು. ವಿ-ಬ್ಲಾಕ್ ಮೇಲಿಟ್ಟು ತಿರುಗಿಸಿ. ದೂರದ ಗೋಡೆ ಮೇಲಿನ ಚುಕ್ಕೆ ವೃತ್ತ ಬರೆದರೆ ಅದನ್ನೇ ಮೊದಲು ಸರಿಮಾಡಬೇಕು. 1990ರಲ್ಲಿ ಹಾರಿದ ಹಬಲ್ ಟೆಲಿಸ್ಕೋಪಿನ ಕಥೆಯೂ ಇದೇ. ಕನ್ನಡಿಯನ್ನ ಅಳೆದ ಉಪಕರಣದೊಳಗೆ ಒಂದು ಲೆನ್ಸ್ 1.3 ಮಿ.ಮೀ. ಜಾಗ ತಪ್ಪಿತ್ತು. ಆ ತಪ್ಪು ಅಳತೆಗೆ ತಕ್ಕ ಹಾಗೆ ಕನ್ನಡಿಯನ್ನ ಬಹಳ ಅಚ್ಚುಕಟ್ಟಾಗಿ ತಪ್ಪಾಗಿ ಉಜ್ಜಿದ್ರು. ಅದರ ದೃಷ್ಟಿ ಸರಿಮಾಡೋಕೆ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಬೇಕಾಯ್ತು.

ನಮ್ಮ ಅಸಲಿ ತಕರಾರು ಟೆಲಿಸ್ಕೋಪಿಗಿಂತ ದೊಡ್ಡದು. ಫಿಸಿಕ್ಸ್ ಲ್ಯಾಬಿನ ಸ್ಪೆಕ್ಟ್ರೋಮೀಟರಿನಲ್ಲೂ ಕೊಲಿಮೇಟರ್ ಅನ್ನೋ ಭಾಗ ಇದೆ. "ಪ್ರಾಥಮಿಕ ಹೊಂದಾಣಿಕೆ ಮಾಡಲಾಯಿತು" ಅನ್ನೋ ಸಾಲು ಎಲ್ಲರ ರೆಕಾರ್ಡಿನಲ್ಲೂ ಇರುತ್ತೆ. ಎಷ್ಟೋ ಲ್ಯಾಬುಗಳಲ್ಲಿ ಆ ಹೊಂದಾಣಿಕೆ ಬೆಳಿಗ್ಗೆಯೇ ಅಟೆಂಡರ್ ಅಣ್ಣನ ಕೈಯಲ್ಲಿ ಮುಗಿದಿರುತ್ತೆ. ವಿದ್ಯಾರ್ಥಿಗೆ ಉಳಿಯೋದು ರೀಡಿಂಗ್ ಬರೆಯೋದು. ಅಂದ್ರೆ ಎಂಜಿನಿಯರಿಂಗಿನ ಭಾಗವನ್ನ ಬೇರೆಯವರು ಮಾಡಿ, ಗುಮಾಸ್ತನ ಭಾಗವನ್ನ ನಮಗೆ ಬಿಟ್ಟಿದ್ದಾರೆ. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ಟೆಲಿಸ್ಕೋಪ್ ಮೊದಲು ಕಣ್ಣು ಬಿಟ್ಟಾಗ ಒಂದೇ ನಕ್ಷತ್ರ 18 ಕಡೆ ಚೆಲ್ಲಾಪಿಲ್ಲಿ ಕಂಡಿತ್ತು, ಅದರ 18 ಕನ್ನಡಿ ತುಂಡುಗಳು ಒಂದೊಂದು ಕಡೆ ನೋಡುತ್ತಿದ್ದವು. ಸುಮಾರು 15 ಲಕ್ಷ ಕಿ.ಮೀ. ದೂರದಿಂದ, ಒಂದೊಂದು ತುಂಡನ್ನೂ ಅಲುಗಾಡಿಸಿ ಯಾವ ಚುಕ್ಕೆ ಯಾವುದರದ್ದು ಅಂತ ಗುರುತಿಸಿ, ತಿಂಗಳುಗಟ್ಟಲೆ ಕೂತು ಎಲ್ಲವನ್ನೂ ಒಂದು ಮಾಡಿದ್ರು. ನಮ್ಮ ಟೆರೇಸಿನ ಮೂರು ಸ್ಕ್ರೂವಿನ ಕೆಲಸವೂ ಅದೇ ಜಾತಿಯದು.

"ಜೂನಿಯರ್ಸ್ ಕೈಗೆ ಕೊಟ್ರೆ ಕೆಡಿಸ್ತಾರೆ" ಅನ್ನೋ ಭಯಕ್ಕೆ ಉತ್ತರ ಇದೆ. ಸೆಕೆಂಡರಿ ಸ್ಕ್ರೂ ತಿರುಗಿಸುವಾಗ ಕೊಳವೆ ಅಡ್ಡಡ್ಡ ಇರಲಿ, ಕೈಜಾರಿದ ಅಲೆನ್ ಕೀ ಪ್ರೈಮರಿ ಮೇಲೆ ಬೀಳಲ್ಲ. ಕನ್ನಡಿಯ ಮುಖ ಮುಟ್ಟಬಾರದು, ಒರೆಸಬಾರದು. ಲೇಸರಿಗೆ ಕಣ್ಣು ಕೊಡಬಾರದು. ಯಾವ ಸ್ಕ್ರೂವನ್ನೂ ಜಬರದಸ್ತಿಯಿಂದ ಬಿಗಿಯಬಾರದು. ಇಷ್ಟು ಪಾಲಿಸಿದ್ರೆ ಆಗೋ ಕೆಡುಕು ಅಂದ್ರೆ ಕನ್ನಡಿ ಮತ್ತೆ ವಾಲೋದು, ಅದನ್ನ ಮತ್ತೆ ಸರಿಮಾಡಬಹುದು. "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟ ಟೆಲಿಸ್ಕೋಪ್ ಮಾತ್ರ ಯಾರಿಗೂ ಉಪಯೋಗ ಇಲ್ಲ.

ಹಾಗಾಗಿ ತಂಡದ ಮುಂದೆ ನಮ್ಮ ಮೂರು ಸಲಹೆ. ಒಂದು, ಪ್ರತಿ ಆಕಾಶ ವೀಕ್ಷಣೆಗೆ ಒಂದು ಗಂಟೆ ಮುಂಚೆ ಇಬ್ಬರು ಫಸ್ಟ್ ಇಯರ್‌ನವರು ಕೊಲಿಮೇಷನ್ ಮಾಡಲಿ, ಸೀನಿಯರ್ಸ್ ಪಕ್ಕದಲ್ಲಿ ನಿಲ್ಲಲಿ, ಸ್ಕ್ರೂ ಮಾತ್ರ ಮುಟ್ಟದಿರಲಿ. ಎರಡು, ಯಾರು ಮಾಡಿದ್ರು, ಯಾವ ನಕ್ಷತ್ರದಲ್ಲಿ ಚೆಕ್ ಮಾಡಿದ್ರು, ಉಂಗುರ ಹೇಗಿತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೂರು, ಆ ಪುಸ್ತಕದಲ್ಲಿ ಒಂದು ವರ್ಷದ ಬರಹ ತುಂಬೋವರೆಗೆ ಹೊಸ ಟೆಲಿಸ್ಕೋಪಿನ ಅರ್ಜಿ ಬೇಡ. ತುಂಬಿದ ಮೇಲೂ 8 ಇಂಚು ಸಾಲದು ಅನ್ನಿಸಿದ್ರೆ, ಆ ಪುಸ್ತಕವನ್ನೇ ಎಚ್‌ಓಡಿ ಮೇಜಿನ ಮೇಲಿಡೋಣ. ಆ ಅರ್ಜಿಗೆ ಮೊದಲ ಸಹಿ ನಮ್ಮದೇ.