ಸುಸ್ಥಿರತೆಯ ಪದವಿಯೂ ನಮ್ಮ ಮಕ್ಕಳ ಮುಂದಿನ ದಾರಿಯೂ

ಕಾಲೇಜು ಸೇರುವ ಕಾಲ ಬಂದಾಗ ನಮ್ಮ ಕೃಷಿಕ ಬಾಂಧವರು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಹೊಸದೊಂದು ಸೇರಿಕೊಂಡಿದೆ. ಮಗಳು 'ಸಸ್ಟೈನಬಿಲಿಟಿ' ಓದುತ್ತೇನೆನ್ನುತ್ತಾಳೆ. ಅದು ಎಂಥ ವಿದ್ಯೆ, ಓದಿ ಮುಗಿಸಿದರೆ ಅನ್ನ ಹುಟ್ಟುತ್ತದೆಯೇ ಎಂದು. ಪ್ರಶ್ನೆ ನ್ಯಾಯವಾದುದೇ. ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷವೂ ಸೊಸೈಟಿಯಲ್ಲಿ ಸಾಲ ಮಾಡಿ ಫೀಸು ಕಟ್ಟುವ ತಂದೆಗೆ ಇದನ್ನು ಕೇಳುವ ಹಕ್ಕಿದೆ. ಕಾಲೇಜುಗಳ ಜಾಹೀರಾತು ನೋಡಿ ಉತ್ತರ ತಿಳಿಯುವುದು ಕಷ್ಟ. ಆದುದರಿಂದ ನಮಗೆ ತೋರಿದುದನ್ನು ಇಲ್ಲಿ ಬರೆಯುತ್ತೇವೆ.

ಕನ್ನಡದಲ್ಲಿ ಇದಕ್ಕೆ ಸುಸ್ಥಿರತೆ ಎಂದು ಹೆಸರಿಟ್ಟಿದ್ದಾರೆ. ಹೆಸರು ಸ್ವಲ್ಪ ಭಾರವಾಯಿತು. ಬಾಳಿಕೆ ಎಂದಿದ್ದರೆ ಮನೆಯ ಹಿರಿಯರಿಗೆ ಒಂದೇ ಸಲಕ್ಕೆ ತಿಳಿಯುತ್ತಿತ್ತು. ವಿಚಾರವೇನೂ ಹೊಸದಲ್ಲ. ಜರ್ಮನಿಯ ಸಾಕ್ಸನಿ ಸೀಮೆಯಲ್ಲಿ ಗಣಿಗಳ ಮೇಲಧಿಕಾರಿಯಾಗಿದ್ದ ಕಾರ್ಲೋವಿಟ್ಸ್ ಎಂಬವರು 1713ರಲ್ಲಿ ಇದನ್ನು ಕುರಿತು ಒಂದು ಗ್ರಂಥ ಬರೆದರು. ಅದಿರು ಕರಗಿಸುವುದಕ್ಕಾಗಿ ಕಾಡು ಕಡಿದು ಕಡಿದು ಸೌದೆಗೇ ತತ್ವಾರ ಬಂದಿದ್ದ ಕಾಲ ಅದು. ಬೆಳೆಯುವುದಕ್ಕಿಂತ ಹೆಚ್ಚು ಕಡಿಯಬಾರದು, ಕಡಿದಲ್ಲಿ ನೆಡಬೇಕು ಎಂಬುದು ಅವರ ಲೆಕ್ಕ. ವಿಶ್ವಸಂಸ್ಥೆಯು ನೇಮಿಸಿದ್ದ ಬ್ರುಂಟ್‌ಲಾಂಡ್ ಆಯೋಗದ ವರದಿ 1987ರಲ್ಲಿ ಹೊರಬಿದ್ದ ಮೇಲೆ ಈ ಮಾತು ಲೋಕಕ್ಕೆಲ್ಲ ಹಬ್ಬಿ ವಿಶ್ವವಿದ್ಯಾಲಯಗಳ ಪಾಠವಾಯಿತು. ಇದು ಲೆಕ್ಕದಿಂದ ಹುಟ್ಟಿದ ವಿದ್ಯೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಲೆಕ್ಕ ಬಿಟ್ಟು ಬರಿಯ ಒಳ್ಳೆಯ ಮಾತುಗಳನ್ನು ಕಲಿಸುವ ಕಡೆ ಮಕ್ಕಳನ್ನು ಸೇರಿಸಿದರೆ ಫೀಸು ನೀರಿಗೆ ಹೋಯಿತೆಂದೇ ನಮ್ಮ ಅಭಿಪ್ರಾಯ.

ನಮ್ಮ ಕಾಸರಗೋಡಿಗೆ ಆ ಲೆಕ್ಕ ಬಲ್ಲವರು ಬೇಕೇ ಬೇಕು. ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರು ಮಳೆ ಸುರಿಯುವ ಜಿಲ್ಲೆ; ಹೊಳೆಗಳು 12. ಆದರೂ ಮಾರ್ಚಿ ತಿಂಗಳು ಬಂತೆಂದರೆ ತೋಟಕ್ಕೆ ನೀರಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2017ರ ಗಣನೆಯಲ್ಲಿ ಕಾಸರಗೋಡು ಬ್ಲಾಕು 'ಗಂಭೀರ' ಪಟ್ಟಿಗೆ ಸೇರಿತ್ತು. ನೆಲದೊಳಗಿಂದ ತೆಗೆಯಬಹುದಾದ ನೀರನ್ನು ಹೆಚ್ಚುಕಡಿಮೆ ಪೂರ್ತಿ ತೆಗೆಯುತ್ತಿದ್ದೇವೆ ಎಂದು ಇದರ ಅರ್ಥ. ಹಿರಿಯರು ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೋಲುಗಟ್ಟಲೆ ಸುರಂಗ ಕೊರೆದು, ಪಂಪಿನ ಹಂಗಿಲ್ಲದೆ ನೀರನ್ನು ಅಂಗಳಕ್ಕೆ ತಂದರು. ಕೊರೆಯುವಾಗ ಕೈಯಲ್ಲಿ ಮೇಣದಬತ್ತಿ. ಅದು ನಂದಿತೆಂದರೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದರು. ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕಿ ಸುತ್ತಿನ ಬಾವಿಗಳ ನೀರು ಏರಿಸುತ್ತಿದ್ದರು. ಏತಡ್ಕದ ಕಡೆಯ ಕೃಷಿಕರು ಆ ಕಟ್ಟಗಳನ್ನು ಉಳಿಸಿಕೊಂಡಿದ್ದಾರೆ. ಆದರೆ ಗುಡ್ಡೆಯ ಮೇಲೆ ಕೊಳವೆಬಾವಿ ಬಿದ್ದ ಮೇಲೆ ಕೆಳಗಿನ ಸುರಂಗದಲ್ಲಿ ಹರಿವು ಎಷ್ಟು ತಗ್ಗಿತು? ಒಂದು ಕಟ್ಟದಿಂದ ಎಷ್ಟು ಬಾವಿಗಳಿಗೆ ಎಷ್ಟು ದಿನದ ನೀರು ಹೆಚ್ಚಿತು? ಇದನ್ನು ವರ್ಷದಿಂದ ವರ್ಷಕ್ಕೆ ಅಳೆದು ಪುಸ್ತಕದಲ್ಲಿ ಬರೆದಿಡಲು ಪಂಚಾಯತಿಗೆ ಒಬ್ಬರಾದರೂ ಬೇಡವೇ?

ಅಳೆಯುವವರಿಲ್ಲದ ಊರಿಗೆ ಏನಾಗುತ್ತದೆಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರುಗಳ ಮನೆಗಳಲ್ಲಿ ಇಂದಿಗೂ ಅದರ ನೋವು ಆರಿಲ್ಲ. ಮೊದಲು ಸಂಶಯಪಟ್ಟವರಾರು? ವಾಣೀನಗರದ ಪತ್ರಕರ್ತ ಶ್ರೀಪಡ್ರೆಯವರು ವಿಕಲಾಂಗವಾಗಿ ಹುಟ್ಟಿದ ಕರುಗಳನ್ನು ಕುರಿತು 1980ರ ದಶಕದ ಆರಂಭದಲ್ಲಿಯೇ ಬರೆದರು. ಅದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡುದನ್ನು ಲೋಕದ ಮುಂದಿಟ್ಟರು. ಕೃಷಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿನಿಂದ ತಡೆಯಾಜ್ಞೆ ತಂದರು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶಕ್ಕೆಲ್ಲ ನಿಷೇಧಿಸಿದುದು 2011ರ ಮೇ ತಿಂಗಳಲ್ಲಿ. ಇಷ್ಟು ವರ್ಷ ಯಾಕೆ ಬೇಕಾಯಿತು? ಇದಕ್ಕೆ ಕಾರಣಗಳು ಹಲವು. ನೀರು ಮಣ್ಣುಗಳನ್ನು ಕ್ರಮವಾಗಿ ಪರೀಕ್ಷಿಸಿ ದಾಖಲೆ ಇಡಬಲ್ಲ ಹತ್ತು ಮಂದಿ ಊರಿನಲ್ಲೇ ಇರದಿದ್ದುದೂ ಅವುಗಳಲ್ಲೊಂದೆಂದು ನಾವು ತಿಳಿದಿದ್ದೇವೆ.

ಇನ್ನು ಅನ್ನದ ಮಾತು. ಷೇರುಪೇಟೆಯ ಮೊದಲ 1000 ಕಂಪೆನಿಗಳು ತಾವು ಬಳಸಿದ ನೀರು, ವಿದ್ಯುತ್ತು, ಬಿಟ್ಟ ಹೊಗೆ, ಕಸಗಳ ವಿವರವನ್ನು ಪ್ರತಿವರ್ಷ ಪ್ರಕಟಿಸಬೇಕೆಂದು ಸೆಬಿಯು 2022-23ರಿಂದ ಕಡ್ಡಾಯ ಮಾಡಿದೆ. ಸುಸ್ಥಿರತೆಯ ಹೆಸರಿನಲ್ಲಿಯೇ ದೊರೆಯುವ ಕೆಲಸಗಳು ಹೆಚ್ಚಾಗಿ ಇಲ್ಲಿವೆ. ಎಂದರೆ ಬೆಂಗಳೂರು, ಮುಂಬಯಿಗಳ ಕಚೇರಿಗಳಲ್ಲಿ. ಕೆಲಸ ಬಹುಪಾಲು ಕಾಗದದ್ದು. ಕಾರ್ಖಾನೆಯ ನೀರಿನ ಮೀಟರು ಓದಿ ಸುಳ್ಳು ಯಾವುದು ನಿಜ ಯಾವುದು ಎಂದು ಹೇಳಬಲ್ಲವನಿಗೆ ಅಲ್ಲಿ ಬೆಲೆಯಿದೆ. ಉಳಿದವರು ಚಂದದ ವಾಕ್ಯ ಪೋಣಿಸುತ್ತ ಕೂರಬೇಕು. ಗಣಿ, ಅಣೆಕಟ್ಟು, ಹೆದ್ದಾರಿಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮದ ವರದಿ ಬೇಕು. ಅದನ್ನು ತಯಾರಿಸುವ ಸಂಸ್ಥೆಗಳೂ ಜನರನ್ನು ತೆಗೆದುಕೊಳ್ಳುತ್ತವೆ. ಸಾವಯವ ದೃಢೀಕರಣದ ತನಿಖೆಯವರು ತೋಟಕ್ಕೇ ಬರುವುದರಿಂದ ಆ ಕೆಲಸ ನಮ್ಮವರಿಗೆ ಪರಿಚಿತವೇ.

ಸರಕಾರಿ ಕೆಲಸದ ವಿಷಯದಲ್ಲಿ ಹೆತ್ತವರು ಸಣ್ಣ ಅಕ್ಷರಗಳನ್ನು ಕಣ್ಣಿಟ್ಟು ಓದಬೇಕು. ಕೃಷಿಭವನದ ಅಧಿಕಾರಿಯಾಗಲು ಪರಿಸರ ಪದವಿ ಸಾಲದು, ಕೃಷಿ ಪದವಿಯೇ ಬೇಕು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಲು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಪಶುವೈದ್ಯ, ರಸಾಯನ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರಗಳಲ್ಲಿ ಒಂದಾದರೂ ಪದವಿಯಲ್ಲಿ ಇರಬೇಕು, ಇಲ್ಲವೇ ಕೃಷಿ, ಅರಣ್ಯ, ಇಂಜಿನಿಯರಿಂಗ್ ಪದವಿಯಿರಬೇಕು. ಪರಿಸರಶಾಸ್ತ್ರದ ಹೆಸರು ಆ ಪಟ್ಟಿಯಲ್ಲಿ ಇಲ್ಲ! ಕಾಡು ಕಾಯುವ ಆಸೆಯಿಂದ ಪರಿಸರವನ್ನೇ ಓದಿದ ಹುಡುಗ ಕಾಡಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅಂತರ್ಜಲ ಇಲಾಖೆಗಳು ಕೇಳುವುದೂ ಭೂವಿಜ್ಞಾನದವರನ್ನೇ.

ಆದುದರಿಂದ ಮೊದಲ ಪದವಿ ಗಟ್ಟಿ ವಿಷಯದಲ್ಲಿರಲಿ, ಸುಸ್ಥಿರತೆ ಅದರ ಮೇಲೆ ಬರಲಿ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವಿದೆ. ಸುರಂಗದ ನಾಡಿನ ಮಕ್ಕಳಿಗೆ ಇದಕ್ಕಿಂತ ತಕ್ಕ ವಿದ್ಯೆ ಯಾವುದು? ಪಡನ್ನಕ್ಕಾಡಿನಲ್ಲಿ 1994ರಿಂದ ಕೃಷಿ ಕಾಲೇಜಿದೆ. ಅಲ್ಲಿಯ ನಾಲ್ಕು ವರ್ಷದ ಪದವಿಯಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದು ರೈತರೊಡನೆ ಕೆಲಸ ಮಾಡುವ ಅವಧಿಯೂ ಸೇರಿದೆ. ಮುಂದೆ ಎಂ.ಎಸ್‌ಸಿ.ಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಿದೆ. 1974ರಲ್ಲಿ 'ಅಸ್ತ್ರ' ಎಂಬ ಹೆಸರಿನಲ್ಲಿ ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ಮೂಲತಃ ವಿದ್ಯುದ್ರಸಾಯನದ ಪಂಡಿತರು. ಆ ವಿದ್ಯೆ ಗಟ್ಟಿಯಾಗಿದ್ದುದರಿಂದಲೇ ಅವರು ಹಳ್ಳಿಯ ಒಲೆ, ಗೋಬರ್ ಗ್ಯಾಸುಗಳ ಕಡೆ ತಿರುಗಿದಾಗ ಕೆಲಸ ಕೈಗೂಡಿತು.

ಓದಿದವರು ಊರಿಗೆ ಬರುವುದಿಲ್ಲವೆಂದು ಗೊಣಗುವವರು ನಮ್ಮಲ್ಲಿ ಅನೇಕರು. ಬಂದರೆ ನಾವು ಅವರಿಗೆ ಕೊಡುವ ಕೆಲಸವೇನು? 1996ರಲ್ಲಿ ಜನಕೀಯ ಯೋಜನೆ ಆರಂಭವಾದಂದಿನಿಂದ ಕೇರಳದ ಪಂಚಾಯತಿಗಳ ಕೈಗೆ ಯೋಜನೆಯ ಹಣ ಬರುತ್ತಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಗೂ ಸಮಿತಿ ಇರಬೇಕು, ಊರಿನ ಗಿಡ ಮರ ಜೀವಿಗಳ ದಾಖಲೆ ಪುಸ್ತಕ ಇರಬೇಕು. ನಾಲ್ಕು ಸೊಸೈಟಿಗಳು ಸೇರಿ ಒಬ್ಬ ಪದವೀಧರೆಗೆ ತಿಂಗಳ ಸಂಬಳ ಕೊಟ್ಟು ಬಾವಿ, ಸುರಂಗ, ಮಣ್ಣುಗಳ ಲೆಕ್ಕ ಇಡಿಸುವುದು ಆಗದ ಕೆಲಸವಲ್ಲ. ಮಲಯಾಳದಲ್ಲಿ ಬಂದ ಸುತ್ತೋಲೆಯನ್ನು ಕನ್ನಡದಲ್ಲಿ ವಿವರಿಸಿ ಹೇಳಬಲ್ಲವಳೂ ಅವಳೇ ಆಗಿದ್ದರೆ ಅವಳ ಸಂಬಳ ಆ ಒಂದು ಕೆಲಸಕ್ಕೇ ಸಂದುಹೋಗುತ್ತದೆ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಇದನ್ನು ಎತ್ತಬೇಕು.

ಒಂದು ಎಚ್ಚರಿಕೆ. ಕೇರಳದಲ್ಲಿ ಕೃಷಿ ಪದವಿಯ ಪ್ರವೇಶಕ್ಕೆ ಈಗ ನೀಟ್ ಪರೀಕ್ಷೆಯ ಅಂಕವೇ ಆಧಾರ. ಅದು ಡಾಕ್ಟರಾಗುವವರಿಗೆ ಮಾತ್ರವೆಂದು ತಿಳಿದು ಅರ್ಜಿ ಹಾಕದೆ ಉಳಿಯುವ ಮಕ್ಕಳಿದ್ದಾರೆ. ಜೊತೆಗೆ ರಾಜ್ಯದ ಪ್ರವೇಶ ಆಯುಕ್ತರಿಗೆ ಬೇರೆ ಅರ್ಜಿಯೂ ಬೇಕು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗಿ ತನ್ನ ಭಾಷೆಯಲ್ಲಿ ಬರೆಯಬೇಕಾದರೆ ಗಡಿ ದಾಟಿ ಮಂಗಳೂರಿನಂಥ ಕೇಂದ್ರಕ್ಕೇ ಹೋಗಬೇಕು. ಕನ್ನಡದ ಪ್ರಶ್ನೆಪತ್ರಿಕೆ ಕಾಸರಗೋಡಿಗೂ ಬರಲೆಂದು ನಮ್ಮ ಜನಪ್ರತಿನಿಧಿಗಳು ದೆಹಲಿಗೆ ಬರೆಯಬೇಕು. ಅದು ಬರುವ ತನಕ ಹೆತ್ತವರು ಅರ್ಜಿ ತುಂಬುವಾಗ ಭಾಷೆಯ ಕಲಮನ್ನೂ ಕೇಂದ್ರದ ಕಲಮನ್ನೂ ಒಟ್ಟಿಗೆ ನೋಡಿ ತುಂಬಿಸಲಿ.