ಮುರಿದ ಬೋಲ್ಟು, ಮುಚ್ಚಿಟ್ಟ ಮಾತು

ಬೋಲ್ಟು ಮುರಿದರೆ ಯಾರ ಮಾನವೂ ಹೋಗುವುದಿಲ್ಲ. ಮುರಿದದ್ದನ್ನು ಮುಚ್ಚಿಟ್ಟರೆ ಜೀವವೇ ಹೋಗಬಹುದು. ಇದನ್ನು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಮುರಿದವನೂ ನಾನೇ, ಮುಚ್ಚಿಟ್ಟವನೂ ನಾನೇ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರು ಕಡೆಯಿಂದ ಬಂದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಅದಕ್ಕೊಂದು ಏರ್ ಇನ್‌ಟೇಕ್ ಹಾಕಿಸುವ ಹುಚ್ಚು ನನಗೆ ಹತ್ತಿತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಕಿಟ್ ತಂದೆ. ಕೆಂಪು ಫಿಲ್ಟರು, ಫಳಫಳ ಹೊಳೆಯುವ ಪೈಪು, ಎರಡು ಕ್ಲ್ಯಾಂಪು, ಒಂದು ಬ್ರ್ಯಾಕೆಟ್ಟು. 'ಪಿಕಪ್ ಹೆಂಗ್ ಬರುತ್ತೆ ನೋಡಿ ಸಾರ್' ಎಂದ ಅಂಗಡಿಯವನು. ಬಂದದ್ದು ಸದ್ದು ಮಾತ್ರ. ಸಾಮಾನ್ಯ ಕಾರಿಗೆ ಬರೀ ಇನ್‌ಟೇಕ್ ಬದಲಿಸಿದರೆ ಹೆಚ್ಚಾಗಿ ಸಿಗುವುದು ಅಷ್ಟೇ. ಬಾನೆಟ್ ಕೆಳಗಿನ ಬಿಸಿ ಗಾಳಿಯನ್ನೇ ಎಳೆದುಕೊಂಡರೆ ಇದ್ದ ಶಕ್ತಿಯೂ ಕಡಿಮೆಯಾಗುತ್ತದೆ. ಇರಲಿ, ಹುಚ್ಚಿಗೆ ಲೆಕ್ಕ ಕೇಳುವವರು ಯಾರು?

ಭಾನುವಾರ ಬೆಳಿಗ್ಗೆ ಮನೆ ಮುಂದೆ ಕೆಲಸ ಶುರು. ಹಳೆಯ ಏರ್ ಬಾಕ್ಸ್ ಬಿಚ್ಚಿದೆ. ಅದನ್ನು ಹಿಡಿದಿದ್ದ 6 ಮಿಲಿಮೀಟರ್ ಬೋಲ್ಟು ಕಿರುಗುಟ್ಟುತ್ತಾ, ತುಕ್ಕು ಉದುರಿಸುತ್ತಾ ಹೊರಗೆ ಬಂತು. ಬುದ್ಧಿ ಇದ್ದವನು ಅಲ್ಲೇ ನಿಂತು ಹೊಸ ಬೋಲ್ಟು ತರುತ್ತಿದ್ದ. ನಾನು ಅದೇ ಹಳೆಯದನ್ನು ಹೊಸ ಬ್ರ್ಯಾಕೆಟ್ಟಿಗೆ ಹಾಕಿ ಉದ್ದನೆಯ ರ್‍ಯಾಚೆಟ್ಟಿನಿಂದ ಬಿಗಿದೆ. ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಎನ್ನುವಷ್ಟರಲ್ಲಿ ಕೈಗೆ ಬೆಣ್ಣೆಯಂತೆ ಮೆತ್ತಗಾಯಿತು. ಆಮೇಲೆ 'ಟಕ್'. ತಲೆ ನನ್ನ ಕೈಯಲ್ಲಿ, ಮುಂಡ ಅಲ್ಯೂಮಿನಿಯಂ ಒಳಗೆ.

ಕಿಟ್ ಜೊತೆ ಒಂದು ಹಾಳೆ ಇತ್ತು. ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂದು ಅದರಲ್ಲಿ ಅಚ್ಚಾಗಿತ್ತು, ಇಂಗ್ಲಿಷಿನಲ್ಲಿ. ಇಂಗ್ಲಿಷ್ ಓದಬಲ್ಲ ನಾನು ಅದನ್ನು ಓದಲಿಲ್ಲ. ದಿನವೂ ಇದೇ ಕೆಲಸ ಮಾಡುವ ಗ್ಯಾರೇಜಿನ ಹುಡುಗನಿಗೆ ಓದುವ ಆಸೆಯಿದ್ದರೂ ಅದು ಅವನ ಭಾಷೆಯಲ್ಲಿಲ್ಲ. ಓದಬಲ್ಲವನಿಗೆ ಜಂಭ, ದುಡಿಯುವವನಿಗೆ ಹಾಳೆಯೇ ಇಲ್ಲ. ಬೋಲ್ಟು ಮುರಿಯದೆ ಇನ್ನೇನಾಗುತ್ತದೆ ಸ್ವಾಮಿ?

ಆ ಹಾಳೆಯಲ್ಲಿದ್ದದ್ದು ಬ್ರಹ್ಮವಿದ್ಯೆಯೇನಲ್ಲ. ಸಾಮಾನ್ಯ 6 ಮಿ.ಮೀ. ಉಕ್ಕಿನ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು. 10 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 10 ಕಿಲೋ ತೂಕ ತೂಗಿಬಿಟ್ಟಷ್ಟು. 30 ಸೆಂಟಿಮೀಟರ್ ಹಿಡಿಯ ಮೇಲಾದರೆ ಮೂರು ಕಿಲೋ ಚಿಲ್ಲರೆ. ಅಕ್ಕಿ ಚೀಲ ಹಿಡಿದ ಹಾಗೆ, ಅಷ್ಟೇ. ನಾನು ಹಾಕಿದ್ದು ಕುಸ್ತಿ ಅಖಾಡದ ಬಲ. ಗಂಡಸುತನ ತೋರಿಸಲು ಸಿಕ್ಕಿದ್ದು ಕಿರುಬೆರಳಿಗಿಂತ ಸಣ್ಣ ಬೋಲ್ಟು!

ಆಗಲೂ ಏನೂ ಕೆಟ್ಟಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ನಿಂತು ನೋಡುತ್ತಿದ್ದ ಬೀದಿ ಹುಡುಗರ ಮುಂದೆ ಮರ್ಯಾದೆ ಹೋದೀತಲ್ಲ! ಪೈಪನ್ನು ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದೆ, ಬಾನೆಟ್ ಮುಚ್ಚಿದೆ. 'ಆಯ್ತೇನೋ ಮಗ?' ಎಂದರು ಅಮ್ಮ. 'ಆಯ್ತಮ್ಮ' ಎಂದೆ.

ಮೂರು ವಾರದ ಮೇಲೆ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಂಗಳೂರಿನಿಂದ ವಾಪಸು ಬರುತ್ತಿದ್ದೆ. ಶಿರಾಡಿ ಘಾಟಿ, ರಾತ್ರಿ, ಮಳೆ. ಹಿಂದೆ ಲಾರಿ, ಮುಂದೆ ತಿರುವು. ಎಂಜಿನ್ ಒಮ್ಮೆ ಕೆಮ್ಮಿ ನಿಂತೇ ಹೋಯಿತು. ಲಾರಿಯ ಹಾರ್ನು, ಬ್ರೇಕಿನ ಕಿರುಚಾಟ, 'ಏನಾಯ್ತೋ?' ಎಂಬ ಅಮ್ಮನ ದನಿ, ಇವಿಷ್ಟು ನೆನಪಿದೆ. ಲಾರಿ ಡ್ರೈವರ್ ಪುಣ್ಯಾತ್ಮ, ಒಂದು ಮಾರು ದೂರದಲ್ಲಿ ನಿಲ್ಲಿಸಿದ.

ಆದದ್ದಿಷ್ಟು. ಹಿಡಿದುಕೊಳ್ಳಲು ಬ್ರ್ಯಾಕೆಟ್ಟಿಲ್ಲದ ಪೈಪು ಅಲುಗಾಡಿ ಅಲುಗಾಡಿ ಕ್ಲ್ಯಾಂಪಿನಿಂದ ಜಾರಿತ್ತು. ನಮ್ಮ ಕಾರಿನಲ್ಲಿ ಒಳಗೆ ಹೋಗುವ ಗಾಳಿಯನ್ನು ಅಳೆಯಲು ಪೈಪಿನಲ್ಲೊಂದು ಸೆನ್ಸರ್ ಇದೆ. ಅದರ ಲೆಕ್ಕ ನೋಡಿ ಕಂಪ್ಯೂಟರ್ ಪೆಟ್ರೋಲ್ ಕೊಡುತ್ತದೆ. ಸೆನ್ಸರ್ ದಾಟಿದ ಮೇಲೆ ಪೈಪು ಕಳಚಿದರೆ ಗಾಳಿ ಲೆಕ್ಕಕ್ಕೆ ಸಿಗದೆ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಸಾಲದೆ ಎಂಜಿನ್ ಸಾಯುತ್ತದೆ. ಒಂದು ಬೋಲ್ಟಿನ ಸುಳ್ಳು ಅಲ್ಲಿಯವರೆಗೆ ನಡೆದುಕೊಂಡು ಬಂದಿತ್ತು.

ಹೇಗೋ ಪೈಪು ಸಿಕ್ಕಿಸಿ ಸಕಲೇಶಪುರ ತಲುಪಿದೆವು. ಬೆಳಿಗ್ಗೆ ಒಂದು ಸಣ್ಣ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿದರು. ಬೈಯಲಿಲ್ಲ. 'ಇದು ಮುರಿದಿದ್ದು ನಿಮಗೆ ಗೊತ್ತಿತ್ತಾ ಸಾರ್?' ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದರು. 'ಗೊತ್ತಿತ್ತು ಅಣ್ಣ' ಎಂದೆ. ಇಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅವರು ಮಾಡಿದ ಕೆಲಸವನ್ನು ಕಣ್ಣಿಟ್ಟು ನೋಡಿದೆ. ನೀವೂ ತಿಳಿದುಕೊಳ್ಳಿ. ಮೊದಲು ಬ್ಯಾಟರಿ ಕಳಚಿದರು. ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಶುಭ್ರ ಬಟ್ಟೆ ತುರುಕಿದರು, ಒಂದು ಲೋಹದ ಚೂರು ಒಳಗೆ ಬಿದ್ದರೂ ಎಂಜಿನ್ನಿಗೆ ಕುತ್ತು. ಸೆನ್ಸರನ್ನು ಬಿಚ್ಚಿ ದೂರ ಇಟ್ಟರು, ಎಣ್ಣೆ ತಾಗಿದರೆ ಅದರ ಲೆಕ್ಕ ಕೆಡುತ್ತದೆ. ಮುರಿದ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, 'ಬನ್ನಿ, ಕಾಫಿ ಕುಡಿಯೋಣ' ಎಂದರು. ಕಾಫಿ ಕುಡಿಯುವುದೂ ರಿಪೇರಿಯ ಭಾಗ! ಎಣ್ಣೆಗೆ ಇಳಿಯಲು ಸಮಯ ಬೇಕು.

ಆಮೇಲೆ ಸುತ್ತಲಿನ ಅಲ್ಯೂಮಿನಿಯಂ ಭಾಗವನ್ನು ಹದವಾಗಿ ಬಿಸಿ ಮಾಡಿದರು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಕಡಲ ಕಡೆಯ ಉಪ್ಪು ಗಾಳಿಯಲ್ಲಿ ಈ ಎರಡು ಲೋಹ ಕೂಡಿದ ಕಡೆ ಜಂಗು ಬೇಗ ಕಚ್ಚುತ್ತದೆ ಎಂದೂ ಹೇಳಿದರು. ಮುರಿದ ಮುಖದ ನಟ್ಟನಡುವೆ ಪಂಚಿನಿಂದ ಗುಳಿ ಮಾಡಿದರು. 'ಸೆಂಟರ್ ತಪ್ಪಿದ್ರೆ ಎಲ್ಲಾ ತಪ್ಪಿದಂಗೆ ಸಾರ್.' ಕೊನೆಗೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಹಾಕಿ, ಮೆಷಿನ್ನನ್ನು ಉಲ್ಟಾ ತಿರುಗಿಸಿ, ನಿಧಾನವಾಗಿ ಕೊರೆದರು. ಮೊದಲು 2 ಮಿ.ಮೀ., ಮತ್ತೆ 3. ಬಿಟ್ಟು ಕಚ್ಚಿದ ಒಂದು ಗಳಿಗೆಯಲ್ಲಿ ಮುರಿದ ತುಂಡು ತಾನೇ ಸುತ್ತುತ್ತಾ ಈಚೆ ಬಂತು.

ಬಾರದಿದ್ದರೆ? ಕೊರೆದ ತೂತಿಗೆ ಈಜಿ ಔಟ್ ಹಾಕಿ ತಿರುಗಿಸಬೇಕು. ಆದರೆ ಅದನ್ನು ಬಲವಾಗಿ ತಿರುಗಿಸಿ ಒಳಗೇ ಮುರಿದರೆ ಗೋವಿಂದ, ಆ ಗಟ್ಟಿ ಉಕ್ಕಿಗೆ ಸಾಮಾನ್ಯ ಡ್ರಿಲ್ ಹಲ್ಲು ತಾಗುವುದಿಲ್ಲ. ಅದೂ ಆಗದಿದ್ದರೆ 5 ಮಿ.ಮೀ. ತೂತು ಕೊರೆದು ಹೊಸದಾಗಿ ಟ್ಯಾಪ್ ಹೊಡೆಯಬೇಕು. ಥ್ರೆಡ್ಡೇ ಹಾಳಾಗಿದ್ದರೆ ಇನ್ಸರ್ಟ್ ಕೂರಿಸಬೇಕು. ಎಲ್ಲಕ್ಕೂ ದಾರಿ ಇದೆ. ಎಂ-ಸೀಲ್ ಮೆತ್ತುವುದು ಮಾತ್ರ ದಾರಿಯಲ್ಲ.

ಇನ್ನೊಂದು ಗುಟ್ಟು. ಸೆನ್ಸರ್ ಹಿಡಿದಿರುವ ಪುಟ್ಟ ಸ್ಟಾರ್ ಸ್ಕ್ರೂಗಳ ತಲೆ ಸವೆಯುವುದೇಕೆ ಗೊತ್ತೇ? ಜಪಾನ್ ಮೂಲದ ಕಾರುಗಳಲ್ಲಿ ಹೆಚ್ಚಾಗಿ ಜಪಾನಿನ ಮಾದರಿಯ ಸ್ಕ್ರೂ ಇರುತ್ತದೆ. ನಮ್ಮ ಕೈಯಲ್ಲಿರುವುದು ಅಮೆರಿಕದ ಫಿಲಿಪ್ಸ್ ಮಾದರಿಯ ಸ್ಕ್ರೂಡ್ರೈವರ್. ನೋಡಲು ಎರಡೂ ಒಂದೇ, ಕೂರುವುದು ಬೇರೆ. ಬಲ ಹಾಕಿದಷ್ಟೂ ಜಾರಿ ತಲೆ ತಿನ್ನುತ್ತದೆ. ಆ ಕಾರುಗಳು ತುಂಬಿರುವ ನಮ್ಮ ಬೀದಿಗಳಲ್ಲಿ ಸರಿಯಾದ ಸ್ಕ್ರೂಡ್ರೈವರ್ ಇರುವ ಮನೆ ಎಷ್ಟು?

ಈಗ ನನ್ನ ಮಾತು. ಮನೆಯಲ್ಲಿ ಕಾರು ಬಿಚ್ಚಬೇಡಿ ಎಂದು ನಾನು ಹೇಳುವುದಿಲ್ಲ. ಬಿಚ್ಚಿ, ಕೈ ಕರಿ ಮಾಡಿಕೊಳ್ಳಿ. ಆದರೆ ಮುರಿದಾಗ ನಿಲ್ಲಿಸಿ. ಗೊತ್ತಿರುವವರನ್ನು ಕೇಳಿ. ಆ ಕಾರಿನಲ್ಲಿ ಕೂರುವವರಿಗೆ ಹೇಳಿ.

ಗ್ಯಾರೇಜಿಗೆ ಕೊಟ್ಟರೂ ಇದೇ ಮಾತು. ಬೋಲ್ಟು ಮುರಿದ ಹುಡುಗನ ಕೂಲಿ ಹಿಡಿಯುವ ಮಾಲೀಕ, 'ಹೊಸಾ ಕಾರು ಹಾಳು ಮಾಡಿದ್ಯಲ್ಲೋ' ಎಂದು ಕೂಗಾಡುವ ಗಿರಾಕಿ, ಇಬ್ಬರೂ ಸೇರಿ ಆ ಹುಡುಗನಿಗೆ ಕಲಿಸುವುದು ಒಂದೇ ಪಾಠ: ಮುಚ್ಚಿಡು. ಹಳೆ ಬೋಲ್ಟು ಯಾರ ಕೈಯಲ್ಲಾದರೂ ಮುರಿಯುತ್ತದೆ. ಕಾರು ತೆಗೆದುಕೊಳ್ಳುವಾಗ 'ಏನಾದ್ರೂ ಮುರೀತೇನಪ್ಪ?' ಎಂದು ಸಮಾಧಾನವಾಗಿ ಕೇಳಿ. ಹೌದು ಎಂದರೆ ಬೈಯಬೇಡಿ. ತೆಗೆದು ಸರಿಮಾಡಿದ ದುಡ್ಡು ಕೊಡಿ. ನಿಜ ಹೇಳಿದ ಹುಡುಗ ನಿಮ್ಮ ಜೀವ ಉಳಿಸಿದ್ದಾನೆ.

ಕಿಟ್ ಮಾರುವವರಿಗೂ ಒಂದು ಮಾತು. ನಮ್ಮೂರಿನಲ್ಲಿ ಮಾರುತ್ತೀರಿ, ನಮ್ಮ ಹುಡುಗರ ಕೈಯಿಂದ ಬಿಗಿಸುತ್ತೀರಿ. ಎಷ್ಟು ಬಿಗಿಯಬೇಕು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಲು ನಿಮಗೇನು ಕಷ್ಟ? ನಾವು ಕೇಳದಿದ್ದರೆ ಹಾಕುವುದೂ ಇಲ್ಲ. ಮುಂದಿನ ಸಲ ಜೆ.ಸಿ. ರಸ್ತೆಗೆ ಹೋದಾಗ ಕೇಳಿ, ಜೋರಾಗಿ ಕೇಳಿ.

ಆ ಮುರಿದ ತುಂಡು ಈಗಲೂ ನನ್ನ ಡ್ಯಾಶ್‌ಬೋರ್ಡಿನ ಮೇಲಿದೆ. ಉಗುರಿನಷ್ಟಿದೆ. ಅಮ್ಮ ಕಾರು ಹತ್ತಿದಾಗಲೆಲ್ಲ ಒಮ್ಮೆ ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು.